ಕಾಕಾನ ಗಾಡಿಯಲ್ಲಿ ಎಲ್ಲರಿಗೂ ಜಾಗ

ಅಲ್ಲ, ಮಳೆ ಅಷ್ಟೇನೂ ಜೋರಾಗಿ ಬಂದಿರಲಿಲ್ಲವೇನೋ. ನಾನು ಈ ಪ್ರಸಂಗ ಹೇಳಿದಾಗಲೆಲ್ಲ ಮಳೆ ಸ್ವಲ್ಪ ಸ್ವಲ್ಪ ಹೆಚ್ಚುತ್ತ ಬಂದಿದೆ ಎಂಬ ಅನುಮಾನ ನನಗೇ ಇದೆ. ಮೊದಲು ಹೇಳಿದಾಗ ಹಳ್ಳದ ನೀರು ಮೊಣಕಾಲಿಗಿತ್ತು, ಈಗ ಸೊಂಟಕ್ಕೆ ಬಂದಿದೆ. ಗಾಡಿಯ ಬಣ್ಣ ಹಳದಿ ಎಂದು ನಾನು ಆಣೆ ಮಾಡಬಲ್ಲೆ, ಕಾಕಾನ ಹೆಂಡತಿ, ನನ್ನ ಕಕ್ಕಿ, ಅದು ಮಜ್ಜಿಗೆಯ ಬಣ್ಣದ್ದೆಂದು ಆಣೆ ಮಾಡುತ್ತಾಳೆ. ಆದ್ದರಿಂದ ಓದುವವರು ನನ್ನನ್ನು ಪೂರ್ತಿ ನಂಬಬೇಕಾಗಿಲ್ಲ. ಗಾಡಿ ಇತ್ತು, ನಾವು ಅದರಲ್ಲಿ ಮಲಗಿದ್ದೆವು, ಇಷ್ಟನ್ನು ಮಾತ್ರ ನಂಬಿದರೆ ಸಾಕು. ತೊಂದರೆ ಇರುವುದೂ ಅದರಲ್ಲೇ.

ಇಂಥ ವಿಚಿತ್ರ ಅನುಭವಗಳನ್ನು ಯಾರಾದರೂ ಹೇಳತೊಡಗಿದರೆ ಎದ್ದು ಹೊರಗೆ ಹೋಗುತ್ತಿದ್ದವರ ಪೈಕಿ ನಾನು. ಹೇಳುವವರು ಸುಳ್ಳರು ಎಂದಲ್ಲ. ನೆನಪು ತನ್ನ ಹರಕುಗಳನ್ನು ತಾನೇ ಹೊಲಿದುಕೊಳ್ಳುತ್ತದೆ, ಆಮೇಲೆ ಆ ಹೊಲಿಗೆಯನ್ನೇ ದೈವಲೀಲೆ ಎಂದು ತೋರಿಸುತ್ತದೆ ಎಂದು ನನ್ನ ವಾದ. ಈಗಲೂ ಆ ವಾದವನ್ನು ಬಿಟ್ಟಿಲ್ಲ. ನನಗಾದದ್ದರಲ್ಲಿ ದೆವ್ವವಿಲ್ಲ, ಹೆದರಿಕೆಯಿಲ್ಲ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡ ರಾತ್ರಿ ಅದು. ಬಹುಶಃ ಅದಕ್ಕೇ ಅದು ವಿಚಿತ್ರವೆಂದು ಯಾರೂ ಒಪ್ಪುವುದಿಲ್ಲ.

ಎಪ್ಪತ್ತರ ದಶಕದ ಯಾವುದೋ ಒಂದು ವರ್ಷ. ನನ್ನ ಚಿಕ್ಕಪ್ಪ ಶರಣಪ್ಪ ಕಾಕಾ ವಾಡಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ. ಸಿಮೆಂಟ್ ಕಾರ್ಖಾನೆಯ ಯಂತ್ರ ಕೂಡಿಸಲು ಬಂದಿದ್ದ ವಿದೇಶಿ ಇಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳುವಾಗ ಬಿಟ್ಟುಹೋದ ಹಳೆಯ ವ್ಯಾನೊಂದನ್ನು ಕಾಕಾ ಕೊಂಡುಕೊಂಡ. ಆಗಲೇ ಅದು ಮುದಿ ಗಾಡಿ. ಒಳಗೆ ಒಂದು ಪಕ್ಕಕ್ಕೆ ಗೋಡೆಗೆ ಹೊಂದಿಸಿದ ಬೆಂಚು, ಇನ್ನೊಂದು ಪಕ್ಕಕ್ಕೆ ಬಿಚ್ಚಿದರೆ ಹಾಸಿಗೆಯಾಗುವ ಸೀಟು, ಒಲೆ ಇಡಲು ಗೂಡು, ಕಿಟಕಿಗೆ ಹೂವಿನ ಪರದೆ. ಗಂಡ, ಹೆಂಡತಿ, ಎರಡು ಮಕ್ಕಳು ಮಲಗಲಿಕ್ಕೆಂದು ಮಾಡಿದ್ದು. ಮಕ್ಕಳು ಸಣ್ಣವಿರಬೇಕು. ಕಾಕಾನಿಗೆ ಮಾತ್ರ ಅದು ಅರಮನೆ. ದಾರಿಯಲ್ಲಿ ಯಾರು ಕೈ ಮಾಡಿದರೂ ನಿಲ್ಲಿಸಿ, ಇನ್ನಿಬ್ಬರಿಗೆ ಜಾಗಾ ಅದ ಬರ್ರಿ ಎನ್ನುವುದು ಅವನ ಚಟ.

ಅವನ ತಾಯಿ, ಅಂದರೆ ನನ್ನ ಅಜ್ಜಿ, ಊರಿಗೆಲ್ಲ ಆಯಿ. ಒಂದು ಕಣ್ಣು ಎಂದೋ ಹೋಗಿತ್ತು. ಇನ್ನೊಂದಕ್ಕೆ ಪೊರೆ ಬಂದು, ಚಿಂಚೋಳಿಯ ಕಣ್ಣಿನ ಶಿಬಿರದಲ್ಲಿ ಆಪರೇಷನ್ ಆಯಿತು. ಅವಳನ್ನು ಮನೆಗೆ ಕರೆತರಲು ಕಾಕಾ, ಕಕ್ಕಿ, ನಾನು ಗಾಡಿ ತೆಗೆದುಕೊಂಡು ಹೋಗಿದ್ದೆವು. ಕಣ್ಣಿನ ಮೇಲೆ ಹಣೆಯಿಂದ ಇಳಿಬಿಟ್ಟ ಹಸಿರು ಬಟ್ಟೆ. ಅದನ್ನು ಎತ್ತಬಾರದು, ಬಗ್ಗಬಾರದು, ಮಳೆಯಲ್ಲಿ ನೆನೆಯಬಾರದು, ರಾತ್ರಿ ಅಂಗಾತವೇ ಮಲಗಬೇಕು, ಅಲುಗಾಡಬಾರದು, ಯಾರ ಕೈಕಾಲೂ ತಾಗಬಾರದು ಎಂದು ಡಾಕ್ಟರು ಕಕ್ಕಿಗೆ ಹೇಳಿದ್ದರು. ಈ ಕಣ್ಣು ಹೋದರೆ ಪೂರ್ತಿ ಕತ್ತಲೆ. ಕಕ್ಕಿ ಆ ಮಾತನ್ನು ಇಡೀ ದಾರಿ ಮಂತ್ರದಂತೆ ಹೇಳುತ್ತ ಬಂದಳು.

ಸುಲೇಪೇಟ ದಾಟಿ, ಗುಂಡಗುರ್ತಿಯ ಹತ್ತಿರ ಬರುವಷ್ಟರಲ್ಲಿ ಹಳ್ಳ ಬಂದಿತ್ತು. ರಸ್ತೆಯ ಮೇಲೆಯೇ ಕೆಂಪು ನೀರು. ನಮಗಿಂತ ಮೊದಲು ಬಂದ ಬಸ್ಸು ನೀರು ನೋಡಿ ಹಿಂದಕ್ಕೆ ತಿರುಗಿತ್ತು. ಹಿಂದಕ್ಕೆ ಹೋಗಲು ಒಪ್ಪಿದವರು ಅದರಲ್ಲೇ ಮರಳಿದ್ದರು. ಒಂದು ತಾಸಿನಲ್ಲಿ ನೀರು ಇಳಿಯುತ್ತದೆ ಎಂದು ನಂಬಿದವರು ಬೇವಿನ ಮರದ ಕೆಳಗೆ ಉಳಿದುಕೊಂಡಿದ್ದರು. ಹಾಗೆ ನಂಬಿಸಿದವರು ಸುಲೇಪೇಟದ ಬಳೆ ವ್ಯಾಪಾರಿ ಮೌಲಾಸಾಬರು. ಶಹಾಬಾದದಲ್ಲಿ ಮಗಳ ಕೂಸಿಗೆ ಹೆಸರಿಡುವ ಕಾರ್ಯ, ಅದಕ್ಕೆ ಹೆಂಡತಿ ಖಾಜಾಬಿ, ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳ ಸಮೇತ ಹೊರಟಿದ್ದರು. ಜೊತೆಗೆ ಒಂದು ಬುಟ್ಟಿ ತುಂಬ ಬಳೆ. ತಾಸು ಕಳೆದಿತ್ತು, ನೀರು ಏರಿತ್ತು, ಖಾಜಾಬಿ ಗಂಡನನ್ನು ಬೈಯುತ್ತಿದ್ದರು.

ಕಾಕಾ ಕಿಟಕಿಯಿಂದ ತಲೆ ಹಾಕಿ ತನ್ನ ಮಾಮೂಲಿ ಮಾತು ಹೇಳಿಬಿಟ್ಟ. ಕಕ್ಕಿ ಅವನ ತೋಳು ಚಿವುಟಿದ್ದನ್ನು ನಾನು ನೋಡಿದೆ. ಆಯಿಯ ಬೆಂಚು ಆಯಿಗೇ ಇರಬೇಕು, ಉಳಿದ ಜಾಗದಲ್ಲಿ ಇಷ್ಟು ಜನ ಮಲಗಿದರೆ ನಿದ್ದೆಯಲ್ಲಿ ಯಾರಾದರೂ ಒದೆಯದೆ ಇರುತ್ತಾರೆಯೇ ಎಂದು ಅವಳ ಚಿಂತೆ. ಆಯಿ ಕೇಳಿಸಿಕೊಂಡಳು.

"ನನ್ನ ಕಣ್ಣಿನ ಸಲುವಾಗಿ ಮಂದಿ ಕೂಸುಗೋಳು ನೆನೀಬೇಕೇನು?" ಎಂದಳು.

"ಕೂಸು ನೆನದ್ರ ಒಣಗ್ತದ. ನಿಮ್ಮ ಕಣ್ಣು ಹೋದ್ರ ಮತ್ತ ಬರ್ತದೇನು?"

"ಹೋಗೂದಿದ್ರ ಹೋಗ್ಲಿ. ಕರೀ ಅವರ್ನ."

ಬಂದರು. ಮರದಿಂದ ಇನ್ನಷ್ಟು ದೂರದಲ್ಲಿ ರಾವೂರಿನ ಕಡೆಯ ಕಲ್ಲುಗಣಿಯ ಗಂಡಹೆಂಡತಿ, ಎಳೆಗೂಸು ಹಿಡಿದು ನಿಂತಿದ್ದರು. ಅವರು ತಾವಾಗಿ ಬರಲಿಲ್ಲ. ಕೂಸು ಅತ್ತಿದ್ದು ಕೇಳಿ ಆಯಿಯೇ ಅವರನ್ನೂ ಕರೆಸಿದಳು. ಒಟ್ಟು ಎಷ್ಟು ಜನ? ಕಾಕಾ ಹದಿನೇಳು ಎನ್ನುತ್ತಿದ್ದ, ಕಕ್ಕಿ ಹದಿನಾಲ್ಕು. ಎಣಿಕೆಯ ವಾದಕ್ಕೆ ನಾನು ಬರುವುದಿಲ್ಲ. ಎಣಿಸಿದರೆ ನಂಬುವುದು ಇನ್ನೂ ಕಷ್ಟವಾಗುತ್ತದೆ.

ಈಗ ದಿಕ್ಕಿನ ವಿಷಯ. ಗಾಡಿಯನ್ನು ಹಳ್ಳದ ಕಡೆ ಮೂತಿ ಮಾಡಿ, ದಿನ್ನೆಯ ಮೇಲೆ ನಿಲ್ಲಿಸಿದ್ದೆವು. ಆಯಿಯ ಬೆಂಚಿಗೆ ದಿಂಬಿನ ಕಡೆ ಎಂದರೆ ಗಾಡಿಯ ಮೂತಿಯ ಕಡೆ, ಇನ್ನೊಂದು ತುದಿಗೆ ಒಲೆಯ ಗೂಡು ಅಡ್ಡ. ಮಲಗುವ ಮೊದಲು ಆಯಿ ಕೇಳಿದಳು, ನನ್ನ ತಲಿ ಯಾವ ದಿಕ್ಕಿಗೆ ಅದ ಎಂದು. ಮೋಡದಲ್ಲಿ ಸೂರ್ಯ ಎಲ್ಲಿ ಮುಳುಗಿದನೆಂದು ಯಾರೂ ನೋಡಿರಲಿಲ್ಲ. ಕಾಕಾನೂ ಮೌಲಾಸಾಬರೂ ರಸ್ತೆಯಲ್ಲಿ ನಿಂತು, ಚಿತ್ತಾಪುರ ಆ ಕಡೆ, ಸೇಡಂ ಈ ಕಡೆ ಎಂದು ಕೈ ತೋರಿಸುತ್ತ ಬಹಳ ಹೊತ್ತು ವಾದಿಸಿ, ಗಾಡಿಯ ಮೂತಿ ಉತ್ತರಕ್ಕಿದೆ ಎಂದು ಒಮ್ಮತಕ್ಕೆ ಬಂದರು. ಉತ್ತರಕ್ಕೆ ತಲೆ ಎಂದರೆ ನಮ್ಮಲ್ಲಿ ಹೆಣ. ಕಣ್ಣು ಹೋದರೂ ಸರಿ, ಹಾಗೆ ಮಲಗುವುದಿಲ್ಲ ಎಂದು ಆಯಿ ಕುಳಿತುಬಿಟ್ಟಳು.

ಸರಿ, ಗಾಡಿಯನ್ನೇ ತಿರುಗಿಸಬೇಕು. ಮೂತಿ ಪೂರ್ವಕ್ಕೆ ಬಂದರೆ ನಮ್ಮವರ ತಲೆ ಪೂರ್ವಕ್ಕೆ. ಮೌಲಾಸಾಬರ ಮನೆಯವರು ಕಾಬಾದ ದಿಕ್ಕೆಂದು ಪಶ್ಚಿಮಕ್ಕೆ ಕಾಲು ಚಾಚುವುದಿಲ್ಲ, ಆದ್ದರಿಂದ ಅವರ ತಲೆ ಗಾಡಿಯ ಬಾಲದ ಕಡೆ. ಒಬ್ಬರ ತಲೆಯ ಪಕ್ಕಕ್ಕೆ ಇನ್ನೊಬ್ಬರ ಕಾಲು. ಹೆಗಲಿಗೆ ಹೆಗಲು ತಾಗುವುದಿಲ್ಲ, ಜಾಗ ಉಳಿಯುತ್ತದೆ ಎಂದು ಮೌಲಾಸಾಬರು ಹುರುಪಿನಿಂದ ಲೆಕ್ಕ ಕೊಟ್ಟರು. ರಾವೂರಿನವನು, ನಮಗ ಯಾವ ದಿಕ್ಕಾದ್ರೂ ನಡೀತದ್ರಿ, ಎಲ್ಲಿ ಸಂದಿ ಅದ ಅಲ್ಲಿ ಹಾಕ್ರಿ ಎಂದ. ಇಂಜಿನ್ ಚಾಲೂ ಮಾಡಿದರೆ ಆಯಿಗೆ ಕುಲುಕಾಡುತ್ತದೆ ಎಂದು ಎಲ್ಲರೂ ಇಳಿದು, ಕೆಸರಿನಲ್ಲಿ ಜಾರುತ್ತ, ತೊಟ್ಟಿಲು ತೂಗಿದಷ್ಟು ಮೆಲ್ಲಗೆ ಗಾಡಿಯನ್ನು ತಳ್ಳಿ ತಿರುಗಿಸಿದೆವು. ಒಳಗೆ ಹಸಿರು ಬಟ್ಟೆಯ ಆಯಿ ಒಬ್ಬಳೇ, ಮೆರವಣಿಗೆಯಲ್ಲಿ ಕುಳಿತ ಹಾಗೆ. ಹೊರಗೆ ಖಾಜಾಬಿ ಗಂಡನಿಗೆ, ದಿಕ್ಕು ತಪ್ಪಿದ್ರ ನಾಳಿ ನಿಮ್ಮನ್ನ ಇಲ್ಲೇ ಬಿಟ್ಟು ಹೋಗ್ತೀನಿ ಎನ್ನುತ್ತಿದ್ದರು.

ಆಮೇಲೆ ಮಲಗುವ ಪ್ರಯತ್ನ. ಹೆಂಗಸರು ಒಂದು ಬದಿ, ಗಂಡಸರು ಒಂದು ಬದಿ, ನಡುವೆ ಮಕ್ಕಳು ಮತ್ತು ಬಳೆಯ ಬುಟ್ಟಿ. ಒಬ್ಬರು ಮಗ್ಗಲು ಬದಲಿಸಿದರೆ ಇಡೀ ಸಾಲು ಬದಲಿಸಬೇಕು. ಯಾರದೋ ಕಾಲು ಕಾಕಾನ ಗಲ್ಲಕ್ಕೆ ತಾಗಿ ಅವನು ಅದಕ್ಕೆ ನಮಸ್ಕಾರ ಮಾಡಿದ್ದು, ಅದು ಮೌಲಾಸಾಬರ ಸಣ್ಣ ಮೊಮ್ಮಗನ ಕಾಲೆಂದು ತಿಳಿದು ನಗೆ ಎದ್ದದ್ದು, ನಗೆಗೆ ಗಾಡಿ ಅಲ್ಲಾಡಿ ಕಕ್ಕಿ ಎಲ್ಲರಿಗೂ ಗದರಿದ್ದು ನೆನಪಿದೆ. ಕಕ್ಕಿ ಮಲಗಲಿಲ್ಲ. ಆಯಿಯ ಬೆಂಚಿಗೆ ಬೆನ್ನು ಕೊಟ್ಟು, ಮೊಣಕಾಲು ಮಡಿಚಿ, ಕಾವಲು ಕುಳಿತಳು. ನಾನು ಬಾಗಿಲಿಗೆ ಒತ್ತಿಕೊಂಡು, ಗೂಟಕ್ಕೆ ಸಿಕ್ಕಿಸಿದ ಬಟ್ಟೆಯ ಹಾಗೆ ಮುದುಡಿಕೊಂಡಿದ್ದೆ. ಹೀಗೆ ಬೆಳಗಿನ ತನಕ ಇರುವುದು ಸಾಧ್ಯವೇ ಇಲ್ಲ ಎಂದುಕೊಂಡೆ. ಅದು ನನ್ನ ಕೊನೆಯ ಯೋಚನೆ.

ಎಚ್ಚರವಾದಾಗ ಬೆಳಗಾಗಿತ್ತು. ಮೊದಲು ತಿಳಿದದ್ದು ಮೈ ಹಗುರಾಗಿದೆ ಎಂಬುದು. ಕುತ್ತಿಗೆ ಹಿಡಿದಿರಲಿಲ್ಲ, ಕಾಲು ಜೋಮು ಬಂದಿರಲಿಲ್ಲ. ಅಂಗಳದಲ್ಲಿ ಮಲಗಿ ಎದ್ದ ಹಾಗೆ. ಎಲ್ಲರೂ ಹಾಗೇ ಎಂದರು. ಕಾವಲು ಕುಳಿತ ಕಕ್ಕಿ ಕೂಡ, ಯಾವಾಗಲೋ ಅಡ್ಡಾದೆ, ಹೆರಿಗೆಯಾದ ಮೇಲೆ ಇಂಥ ನಿದ್ದೆ ಮಾಡಿರಲಿಲ್ಲ ಎಂದು ನಾಚಿಕೊಂಡಳು. ಎಲ್ಲಿ ಅಡ್ಡಾದಳು? ಅಲ್ಲಿ ಒಂದು ಗೇಣು ಜಾಗವಿರಲಿಲ್ಲ.

ಸೂರ್ಯ ಗಾಡಿಯ ಬಲಗಡೆಯ ಕಿಟಕಿಯಲ್ಲಿ ಹುಟ್ಟಿದ್ದ. ಅಂದರೆ ತಳ್ಳಿದ ಮೇಲೆ ಮೂತಿ ಬಂದದ್ದು ಉತ್ತರಕ್ಕೆ, ಮೊದಲು ಇದ್ದದ್ದು ಪಶ್ಚಿಮಕ್ಕೆ. ತಿರುಗಿಸದೆ ಬಿಟ್ಟಿದ್ದರೆ ಎಲ್ಲ ಸರಿಯಾಗಿರುತ್ತಿತ್ತು, ಅಷ್ಟು ಜನ ಸೇರಿ ತಳ್ಳಿ ತಳ್ಳಿ ಆಯಿಯ ತಲೆಯನ್ನು ಉತ್ತರಕ್ಕೆ ಮಾಡಿ ಮಲಗಿಸಿದ್ದೆವು. ಕಾಕಾ ತಲೆಯ ಮೇಲೆ ಕೈಯಿಟ್ಟುಕೊಂಡ. ಮೌಲಾಸಾಬರು, ಪಶ್ಚಿಮವೆಂದು ಮಾಡಿದ ಸಂಜೆಯ ನಮಾಜೂ ದಕ್ಷಿಣಕ್ಕಾಯಿತಲ್ಲ ಎಂದು ಲೆಕ್ಕ ಹಾಕಿ, ತಿಳೀಲಾರದೆ ಮಾಡಿದ್ದು ಕಬೂಲ್ ಆಗ್ತದ ಬಿಡ್ರಿ ಎಂದರು. ಖಾಜಾಬಿ ಹೊಟ್ಟೆ ಹಿಡಿದು ನಗುತ್ತಿದ್ದರು.

ಆಯಿ ಎದ್ದು ಕುಳಿತಿದ್ದಳು. ಹಸಿರು ಬಟ್ಟೆ ಹಣೆಯ ಮೇಲಕ್ಕೆ ಹೋಗಿತ್ತು. ಕಕ್ಕಿ ಅದನ್ನು ನೋಡಿ ಚೀರುವುದೊಂದು ಬಾಕಿ.

"ಬಟ್ಟಿ ಯಾರು ಎತ್ತಿದ್ರು?"

"ನಾನೇ ಎತ್ತೀನಿ. ರಾತ್ರಿ ಥಂಡಿ ಬಿಟ್ಟಿತ್ತು. ಎದ್ದು ಎಲ್ಲಾರಿಗೂ ಹೊಚ್ಚಿ ಬಂದೆ."

"ಎಲ್ಲಿ ಎದ್ರಿ? ಕಾಲಿಡ್ಲಿಕ್ಕ ಜಾಗಾ ಎಲ್ಲಿತ್ತು?"

"ಹಾದಿ ಇತ್ತಲ್ಲ ನಡುವ. ದೂರ ದೂರ ಮಲಗಿದ್ರಿ ಎಲ್ಲಾರೂ. ಆ ತುದಿಗೆ ಹೋಗ್ಲಿಕ್ಕ ಭಾಳ ಹೊತ್ತಾತು ನನಗ." ಆಮೇಲೆ, "ಎಷ್ಟ ದಿನ ಆಗಿತ್ತು, ಮಲಗಿದ ಮಂದಿ ಮಾರಿ ನೋಡಿ," ಎಂದಳು.

ಕನಸು ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ಆದರೆ ಕಕ್ಕಿ ಮಡಿಚಿ ಆಯಿಯ ತಲೆಯ ಕೆಳಗೆ ಇಟ್ಟಿದ್ದ ಶಾಲು ಗಾಡಿಯ ಇನ್ನೊಂದು ತುದಿಯಲ್ಲಿ, ರಾವೂರಿನವಳ ಕೂಸಿನ ಮೇಲಿತ್ತು. ಆಕೆ ತಾನು ಮುಟ್ಟಿಲ್ಲ ಎಂದಳು. ಖಾಜಾಬಿಯ ಹಿರಿಯ ಸೊಸೆ ಒಂದು ಕೈಗೆ ಹಸಿರು, ಇನ್ನೊಂದಕ್ಕೆ ಹಳದಿ ಬಳೆ ಹಾಕಿಕೊಂಡಿದ್ದಾಳೆ, ಯಾಕೆ ಎಂದು ಆಯಿ ಕೇಳಿದಳು. ಸೊಸೆ ಬುರ್ಖಾದಿಂದ ಕೈ ಹೊರತೆಗೆದು ತೋರಿಸಿದಳು. ಹೌದು, ಹಾಗೇ ಇತ್ತು. ಒಡೆದ ಡಜನ್ನುಗಳಲ್ಲಿ ಉಳಿದವನ್ನು ಮನೆಯವರೇ ಹಾಕಿಕೊಳ್ಳುವುದು ಬಳೆಗಾರರ ರೂಢಿಯಂತೆ. ಆಪರೇಷನ್ ಆದ ಕಣ್ಣಿಗೆ ಕನ್ನಡಕವಿಲ್ಲದೆ ಏನೂ ಸ್ಪಷ್ಟವಾಗಿ ಕಾಣುವುದಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ಕಣ್ಣಿಗೆ ಏನೂ ಆಗಿಲ್ಲ, ಗಾಯ ಚೆನ್ನಾಗಿ ಕೂಡಿದೆ ಎಂದೂ ಹೇಳಿದರು. ಆ ದಿನ ಕಕ್ಕಿ ಡಾಕ್ಟರ ಕೋಣೆಯ ಹೊರಗೆ ಕುಳಿತು ಅತ್ತಳು.

ಹಳ್ಳದ ಹತ್ತಿರ ಆ ಬೆಳಿಗ್ಗೆ, ಉತ್ತರಕ್ಕೆ ತಲೆ ಹಾಕಿ ಮಲಗಿದ್ದನ್ನು ಆಯಿಗೆ ಹೇಳಲೋ ಬೇಡವೋ ಎಂದು ಕಾಕಾ ತಡವರಿಸುತ್ತಿದ್ದಾಗ ಅವಳೇ, "ಹೆಣದ ಹಂಗ ಮಲಗಿ ಎದ್ದೀನಿ, ಇನ್ನ ನನಗ ಯಾರ ಅಂಜಿಕಿ?" ಎಂದಳು. ನೀರು ಇಳಿಯಿತು. ಬಳೆ ಒಂದೂ ಒಡೆದಿರಲಿಲ್ಲ. ಮೌಲಾಸಾಬರ ಮನೆಯವರನ್ನು ಶಹಾಬಾದದವರೆಗೆ ಕಾಕಾನೇ ಬಿಟ್ಟು ಬಂದ. ಹಗಲಲ್ಲಿ ಕುಳಿತು ಹೋಗುವುದಕ್ಕೇ ಒಬ್ಬರ ತೊಡೆಯ ಮೇಲೆ ಒಬ್ಬರು ಕೂಡಬೇಕಾಯಿತು, ಇಬ್ಬರು ಬಾಗಿಲಲ್ಲಿ ಜೋತುಬಿದ್ದಿದ್ದರು.

ನಾನು ಸುಮ್ಮನಿರುವ ಜಾತಿಯಲ್ಲ. ಕೆಲವು ತಿಂಗಳ ಮೇಲೆ ಅವರೆಲ್ಲ ಆಯಿಯನ್ನು ನೋಡಲು ವಾಡಿಗೆ ಬಂದರು, ರಾವೂರಿನವರೂ ಬಂದರು. ಊಟವಾದ ಮೇಲೆ ನಾನು ಹಟ ಹಿಡಿದು ಎಲ್ಲರನ್ನೂ ಗಾಡಿಯೊಳಗೆ, ಅದೇ ಸಾಲಿನಲ್ಲಿ, ತಲೆಗೆ ಕಾಲು ಜೋಡಿಸಿ ಮಲಗಿಸಿದೆ. ಆಗಲಿಲ್ಲ. ಮೂರು ಜನ ಹೊರಗೇ ಉಳಿದರು, ನಾಲ್ಕನೆಯವರ ಮೇಲೆ ಬಾಗಿಲು ಮುಚ್ಚಲಿಲ್ಲ. ದಪ್ಪಗಾಗೀರಿ ಎಂದು ಒಬ್ಬರಿಗೊಬ್ಬರು ಹಂಗಿಸಿದರು. ಮಕ್ಕಳು ಬೆಳೆದಿದ್ದವು, ನಿಜ. ಅಷ್ಟು ಬೆಳೆದಿರಲಿಲ್ಲ.

ಆಯಿ ಹೊಸ ಕನ್ನಡಕ ಹಾಕಿಕೊಂಡು ಅಂಗಳದಲ್ಲಿ ನಿಂತು ಈ ತಮಾಷೆ ನೋಡುತ್ತಿದ್ದಳು. ಆ ದಪ್ಪ ಗಾಜಿನಲ್ಲಿ ಎಲ್ಲವೂ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕಕ್ಕಿಯ ಮೂಗು ದೊಡ್ಡದಾಗಿದೆ ಎಂದು ಅವಳು ಅದೇ ಬೆಳಿಗ್ಗೆ ಹೇಳಿ ಜಗಳವಾಗಿತ್ತು. ಆಯಿ ಗಾಡಿಯ ಸುತ್ತ ಒಂದು ಸುತ್ತು ಬಂದಳು, ಬಾಗಿಲಲ್ಲಿ ಇಣುಕಿದಳು, ತಗಡಿನ ಮೇಲೆ ಕೈಯಾಡಿಸಿದಳು.

"ಇದಲ್ಲ ಬಿಡ್ರಿ," ಎಂದಳು. "ಅವತ್ತು ನಾವು ಮಲಗಿದ್ದು ಇದರಾಗಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಗಾಡಿ ಅದೇ ಎಂದು ಕಾಕಾ ಇಂಜಿನಿನ ಮುಚ್ಚಳ ಎತ್ತಿ ತೋರಿಸಿದ. ಆಯಿ ವಾದಿಸಲಿಲ್ಲ, ಅವಳಿಗೆ ಅದು ಮುಖ್ಯವಿದ್ದಂತೆ ಕಾಣಲಿಲ್ಲ. ಆ ಕಣ್ಣಿನಿಂದ ಅವಳು ಇನ್ನೂ ಬಹಳ ವರ್ಷ ನಮ್ಮ ಮುಖಗಳನ್ನು ನೋಡಿದಳು.

ಗಾಡಿ ಅದೇ ಆಗಿತ್ತು. ಬೇರೆ ಗಾಡಿ ಎಲ್ಲಿಂದ ಬರಬೇಕು? ದಣಿವು, ನಗು, ನಿದ್ದೆ, ಕನಸು, ನನ್ನ ಈ ಹೆಚ್ಚುತ್ತ ಹೋಗುವ ನೆನಪು, ಎಲ್ಲವನ್ನೂ ಕಳೆದು ನೋಡಿದರೂ ಒಂದು ಉಳಿಯುತ್ತದೆ. ಬೆಳಿಗ್ಗೆ ಕಣ್ಣು ಬಿಡುವ ಮೊದಲು ನಾನು ಎರಡೂ ಕಾಲು ಪೂರ್ತಿ ಚಾಚಿ ಮಲಗಿದ್ದೆ. ಎಲ್ಲಿಗೆ ಚಾಚಿದ್ದೆ ಎಂದು ನನಗೆ ಗೊತ್ತಿಲ್ಲ.