ಹಿಂದಿನ ಬೆಂಚಿಗೆ ಹಾಡು ಕಟ್ಟಿದವರು

ಅವರ ಬಲಗೈ ಉಂಗುರದ ಬೆರಳು ಅರ್ಧಕ್ಕೇ ನಿಂತುಬಿಟ್ಟಿತ್ತು. ಫರೀದಾಬಾದಿನ ಕಾರ್ಖಾನೆಯಲ್ಲಿ ಪ್ರೆಸ್ ಮಷೀನಿಗೆ ಸಿಕ್ಕಿ ಹೋಗಿದ್ದು. ಉಳಿದ ಮೋಟು ತುದಿ ನುಣ್ಣಗೆ, ನೆನೆಸಿಟ್ಟ ಕಡಲೆಕಾಳಿನ ಥರ ಹೊಳೀತಿತ್ತು. ಹಾರ್ಮೋನಿಯಂ ನುಡಿಸುವಾಗ ಬೇರೆ ಬೆರಳೆಲ್ಲ ಕೆಲಸ ಮಾಡ್ತಿದ್ರೆ ಇದೊಂದು ಮಾತ್ರ ಗಾಳಿಯಲ್ಲಿ ಸಣ್ಣಗೆ ಕುಣೀತಿತ್ತು. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ನಾನು ಒಂದು ಕಣ್ಣು ತೆಗೆದು ಅದನ್ನೇ ನೋಡ್ತಿದ್ದೆ. ದೇವರು ಕ್ಷಮಿಸಲಿ.

ನಾವೆಲ್ಲ ಅವರನ್ನ ಹಾರ್ಮೋನಿಯಂ ಅಂಕಲ್ ಅಂತಿದ್ವಿ. ಜನಕಪುರಿಯ ಒಂದು ಶಾಲೆಯ ಹಾಲಿನಲ್ಲಿ ತಿಂಗಳಿಗೆ ಎರಡು ಭಾನುವಾರ, ಮಧ್ಯಾಹ್ನ ಮೂರಕ್ಕೆ, ನಮ್ಮ ಕನ್ನಡ ಆರಾಧನೆ ನಡೀತಿತ್ತು. ಅರವತ್ತು ಎಪ್ಪತ್ತು ಜನ. ನಮ್ಮಪ್ಪನ ಥರ ಸರ್ಕಾರಿ ಆಫೀಸಿನ ಗುಮಾಸ್ತರು, ಮಿಲಿಟರಿಯವರು, ಆಸ್ಪತ್ರೆಯ ನರ್ಸುಗಳು, ಅವರ ಮಕ್ಕಳು. ಅಂಕಲ್ ಗದಗಿನ ಕಡೆಯವರು. ಫರೀದಾಬಾದಿನಿಂದ ಎರಡು ಬಸ್ಸು ಬದಲಿಸಿ, ಹಾರ್ಮೋನಿಯಂ ಪೆಟ್ಟಿಗೆನ ಮಗು ಥರ ತೊಡೆ ಮೇಲೆ ಇಟ್ಕೊಂಡು ಬರ್ತಿದ್ರು. ಮೆಟ್ರೋ ಇನ್ನೂ ನಮ್ಮ ಕಡೆ ಬಂದಿರ್ಲಿಲ್ಲ. ಅಂಕಲ್ ಹೆಂಡತಿ, ನಮ್ಮ ಆಂಟಿಗೆ, ಮಂಡಿ ನೋವು, ಹಾಗಾಗಿ ಅವರು ಕ್ರಿಸ್‌ಮಸ್‌ಗೆ ಮಾತ್ರ ಬರೋರು.

ನಮ್ಮ ಸಭೆ ಹಾಡ್ತಿದ್ದ ಹಾಡುಗಳಿಗೆಲ್ಲ ಅಂಕಲ್ ಕೈ ತಾಗಿರ್ತಿತ್ತು. ಹಳೇ ಕೀರ್ತನೆಗೆ ಸುಲಭದ ರಾಗ ಹಾಕೋದು, ಉದ್ದ ಚರಣ ಕತ್ತರಿಸೋದು, ಹಬ್ಬಕ್ಕೆ ಹೊಸದು ಕಟ್ಟೋದು. ಯಾವುದಕ್ಕೂ ಹೆಸರು ಹಾಕ್ಕೊಳ್ತಿರ್ಲಿಲ್ಲ. ಝೆರಾಕ್ಸ್ ಮಾಡಿ ಸ್ಟೇಪ್ಲರ್ ಹೊಡೆದ ಒಂದು ಹಾಡಿನ ಪುಸ್ತಕ ಇತ್ತು ನಮಗೆ. ಅದರಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಅದೇ ಸಾಲು ಹಿಂದಿ ಅಕ್ಷರದಲ್ಲಿ, ಯಾಕಂದ್ರೆ ಮಕ್ಕಳಿಗೆ ಕನ್ನಡ ಓದೋಕೆ ಬರ್ತಿರ್ಲಿಲ್ಲ.

ಆ ಪುಸ್ತಕಕ್ಕೆ ಹಾಡು ಸೇರ್ಬೇಕು ಅಂದ್ರೆ ಒಂದು ಪರೀಕ್ಷೆ ಇತ್ತು. ಹೊಸ ಹಾಡನ್ನ ಎರಡು ಭಾನುವಾರ ಎಲ್ಲರಿಗೂ ಕಲಿಸ್ತಿದ್ರು. ಮೂರನೇ ಸಲ ಎರಡನೇ ಚರಣ ಶುರುವಾಗ್ತಿದ್ದ ಹಾಗೇ ಅಂಕಲ್ ಹಾರ್ಮೋನಿಯಂನಿಂದ ಕೈ ಎತ್ತಿಬಿಡ್ತಿದ್ರು. ಸಭೆ ತಾನಾಗೇ ಹಾಡ್ಕೊಂಡು ಹೋಯ್ತು ಅಂದ್ರೆ ಪಾಸ್. ನಿಂತುಹೋಯ್ತು ಅಂದ್ರೆ ಆ ಹಾಡು ವಾಪಸ್ಸು. ಅಯ್ಯನವರು, ಅಂದ್ರೆ ನಮ್ಮ ಪಾಸ್ಟರ್, ಬರೆದ ಒಂದು ಹಾಡೇ ಹಾಗೆ ನಿಂತುಹೋಗಿತ್ತು. ಪಾಪ, ಅವರು ಆಮೇಲೆ ಬರೀಲೇ ಇಲ್ಲ.

ನನಗಾಗ ಹದಿನೆಂಟು. ಗ್ರೇಟರ್ ನೋಯ್ಡಾದಲ್ಲಿ ಕಾಲೇಜು, ಕಾಲೇಜ್ ಬಸ್ಸಲ್ಲಿ ಹೋಗ್ತಾ ಎರಡು ಗಂಟೆ, ಬರ್ತಾ ಎರಡು ಗಂಟೆ. ಅಷ್ಟೂ ಹೊತ್ತು ತಲೇಲಿ ರಾಗ. ಸಂಗೀತ ನಂಗೆ ಯಾರೂ ಹೇಳಿಕೊಟ್ಟಿಲ್ಲ. ಸೆಕೆಂಡ್ ಹ್ಯಾಂಡ್ ಕೀಬೋರ್ಡ್ ಇತ್ತು, ಕ್ಯಾಸೆಟ್ ಹಾಕೋದು, ನಿಲ್ಸೋದು, ಆ ಸ್ವರ ಎಲ್ಲಿದೆ ಅಂತ ಹುಡುಕೋದು, ಅಷ್ಟೇ ನನ್ನ ವಿದ್ಯೆ. ಆಸೆ ಮಾತ್ರ ಒಂದೇ ಒಂದು. ನನ್ನ ಹಾಡು ಆ ಸ್ಟೇಪ್ಲರ್ ಪುಸ್ತಕಕ್ಕೆ ಹೋಗ್ಬೇಕು. ನಗಬೇಡಿ, ಪರೀಕ್ಷೆ ರ‍್ಯಾಂಕಿಗಿಂತ ಅದು ದೊಡ್ಡದಾಗಿ ಕಾಣ್ತಿತ್ತು.

ಕ್ರಿಸ್‌ಮಸ್‌ಗೆ ಅಂತ ಒಂದು ಹಾಡು ಕಟ್ಟಿದೆ. 'ಎತ್ತರದ ಸಿಂಹಾಸನದಿ ಕುಳಿತಿರುವ ಮಹಿಮೆಯ ರಾಜನೇ' ಅಂತ ಶುರು. 'ಎತ್ತರ' ಅನ್ನೋ ಕಡೆ ರಾಗ ಕೆಳಗಿಂದ ಒಂದೇ ಸಲ ಮೇಲಕ್ಕೆ ಹಾರ್ತಿತ್ತು. ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಕೂತಿದ್ದಾಗ ಹೊಳೆದಿದ್ದು. ನಂಗಂತೂ ಮೈ ಜುಂ ಅಂದಿತ್ತು.

ಅಂಕಲ್‌ಗೆ ನುಡಿಸಿ ತೋರಿಸಿದೆ. ತಲೆ ಬಗ್ಗಿಸಿ ಕೇಳಿದ್ರು.

"ಭಾಳ ಮ್ಯಾಲೆ ಹೋಗ್ತೈತಲ್ಲ ತಂಗಿ?"

"ಅದೇ ಅಂಕಲ್ ಅದರ ಬ್ಯೂಟಿ!"

"ಹೌದಾ. ಹಾಡಿಸೋಣಂತ."

ಬೇಡ ಅನ್ಲಿಲ್ಲ. ಎರಡು ಭಾನುವಾರ ಕಲಿಸಿದ್ವಿ. ಮೂರನೇದು ಕ್ರಿಸ್‌ಮಸ್ ಆರಾಧನೆ. ಹೊಸ ಸಲ್ವಾರ್ ಹಾಕ್ಕೊಂಡು ನಾನೇ ಮೈಕ್ ಹಿಡ್ಕೊಂಡು ಮುಂದೆ ನಿಂತೆ. ಎರಡನೇ ಚರಣ ಬಂತು, ಅಂಕಲ್ ಕೈ ಎತ್ತಿದ್ರು. ಹಾಲಿನಲ್ಲಿ ಒಂದೇ ಒಂದು ದನಿ ಉಳೀತು. ನಂದು. ಗಂಡಸರು ಕೈಲಿದ್ದ ಹಾಡಿನ ಹಾಳೆ ನೋಡ್ತಿದ್ರು, ಮಕ್ಕಳು ನನ್ನ ಬಾಯಿ ನೋಡ್ತಿದ್ರು. ನನಗೋ ಆ ಕ್ಷಣಕ್ಕೆ ಏನೂ ಗೊತ್ತಾಗ್ಲಿಲ್ಲ. ಆಹಾ, ಎಲ್ಲರೂ ಮೈಮರೆತು ಕೇಳ್ತಿದ್ದಾರೆ ಅಂದ್ಕೊಂಡು ಕೊನೇವರೆಗೂ ಹಾಡಿ ಮುಗಿಸಿದೆ.

ಆಮೇಲೆ ಕೇಕು, ಟೀ. ಎಲ್ಲರೂ ಬಂದು ಹೊಗಳಿದ್ದೇ ಹೊಗಳಿದ್ದು. "ಟಿವಿಗೆ ಕಳಿಸ್ರಿ ಇವಳನ್ನ" ಅಂತ ಒಬ್ಬರು ಅಮ್ಮನಿಗೆ ಹೇಳಿದ್ರು. ಅಮ್ಮನ ಕಾಲು ನೆಲದ ಮೇಲಿರ್ಲಿಲ್ಲ. ನಾನು ಓಡಿ ಅಂಕಲ್ ಹತ್ರ ಹೋದೆ. ಅವರು ಪೆಟ್ಟಿಗೆಗೆ ಬೆಲ್ಟು ಬಿಗೀತಿದ್ರು.

"ಅಂಕಲ್, ಪುಸ್ತಕಕ್ಕೆ ಹೋಗುತ್ತಾ?"

"ಹಾಡು ಚಂದ ಐತಿ ತಂಗಿ. ಸಭಾ ಹಾಡಲಿಲ್ಲ."

"ಎಲ್ಲರೂ ಎಷ್ಟು ಚೆನ್ನಾಗಿದೆ ಅಂತಿದ್ದಾರಲ್ಲ?"

"ಕೇಳಿದವರು ಅಂತಾರ. ಹಾಡಿದವರು ಯಾಕ ಅಂತಾರ?" ಬೆಲ್ಟು ಎಳೆದು ನನ್ನ ಮುಖ ನೋಡಿದ್ರು. ನನ್ನ ಕಣ್ಣು ತುಂಬಿದ್ದು ಕಂಡಿರ್ಬೇಕು, ದನಿ ಇಳಿಸಿದ್ರು. "ದೇವರು ಎತ್ತರದಾಗ ಅದಾನ, ಖರೆ. ಆದ್ರ ಸಭಾ ಕೆಳಗ ಕುಂತೈತಲ್ಲ. ಹೋಗು, ಕೇಕ್ ತಿನ್ನು."

ಕೇಕ್ ತಿನ್ಲಿಲ್ಲ ನಾನು. ಮುಂದಿನ ಆರಾಧನೆಗೂ ಹೋಗ್ಲಿಲ್ಲ, ಅಸೈನ್‌ಮೆಂಟ್ ಇದೆ ಅಂತ ಸುಳ್ಳು ಹೇಳಿದೆ. ಅದಾದ ವಾರ ಅಮ್ಮ ರೊಟ್ಟಿ ಲಟ್ಟಿಸ್ತಾ ಹೇಳಿದ್ರು, "ಹಾರ್ಮೋನಿಯಂ ಅಂಕಲ್ ಫೋನ್ ಮಾಡಿದ್ರು ಕಣೇ. ಬರೋ ಭಾನುವಾರ ನೀನು ಹಿಂದಿನ ಬೆಂಚಲ್ಲಿ ಕೂರ್ಬೇಕಂತೆ. ಹಾಡ್ಬಾರ್ದಂತೆ, ಬರೀ ಕೇಳ್ಬೇಕಂತೆ."

"ಇದೇನು ಪನಿಷ್‌ಮೆಂಟಾ?"

"ನನ್ನ ಕೇಳ್ಬೇಡ. ಹೇಳಿದ್ದು ಹೇಳಿದೆ."

ಹಿಂದಿನ ಬೆಂಚು ಸುಬೇದಾರ್ ತಾತನ ಜಾಗ. ಮಿಲಿಟರಿಯಿಂದ ರಿಟೈರ್ ಆದವರು, ಎದೆ ಎತ್ತಿ ಕೂರೋರು. ನನ್ನ ನೋಡಿದ್ದೇ, "ಏನಮ್ಮಾ, ಡಿಮೋಷನ್ನಾ?" ಅಂತ ಇಡೀ ಹಾಲಿಗೆ ಕೇಳೋ ಹಾಗೆ ಅಂದ್ರು. ಇನ್ನೊಂದು ಪಕ್ಕದಲ್ಲಿ ಬೆಳಗಿನ ಡ್ಯೂಟಿ ಮುಗಿಸಿ ಸೀದಾ ಬಂದಿದ್ದ ಒಬ್ಬ ನರ್ಸ್ ಆಂಟಿ.

ಹಾಡು ಶುರುವಾಯ್ತು. ತಾತನ ದನಿ ಗೋಡೆಯಷ್ಟು ದಪ್ಪ, ಆದ್ರೆ ಅದರಲ್ಲಿ ಇದ್ದಿದ್ದು ಮೂರೋ ನಾಲ್ಕೋ ಸ್ವರ. ರಾಗ ಅದಕ್ಕಿಂತ ಮೇಲೆ ಹೋದ್ರೆ ತಾತ ಸುಮ್ಮನಾಗಿ, ಅದು ಇಳಿದು ಬರೋವರೆಗೂ ಬಾಗಿಲಲ್ಲಿ ಕಾಯೋ ಥರ ಕಾಯ್ತಿದ್ರು. ನರ್ಸ್ ಆಂಟಿಗೆ ಉಸಿರು ಸಾಲ್ತಿರ್ಲಿಲ್ಲ. ಸಾಲಿನ ಕೊನೆಗೆ ಎರಡು ಪದ ನುಂಗಿ ಮುಂದಿನ ಸಾಲು ಹಿಡೀತಿದ್ರು. ಇಷ್ಟು ವರ್ಷ ಇದೇ ಹಾಲಲ್ಲಿ ಕೂತಿದ್ದೀನಿ, ಇದನ್ನ ನಾನು ಕೇಳೇ ಇರ್ಲಿಲ್ಲ. ನನ್ನ ದನಿ ನನಗೆ ಅಷ್ಟು ಜೋರಾಗಿ ಕೇಳ್ತಿತ್ತು ಅನ್ಸುತ್ತೆ.

ನಾಲ್ಕು ತಿಂಗಳು ಅಲ್ಲೇ ಕೂತೆ. ಆರಾಧನೆ ಮುಗಿದ ಮೇಲೆ ಅಂಕಲ್ ಹತ್ರ ಪಾಠ. ಜೇಬಿಂದ ಸೀಮೆಸುಣ್ಣ ತೆಗೆದು ಹಾರ್ಮೋನಿಯಂನ ಒಂದು ಕೀ ಮೇಲೆ ಗೀಟು ಹಾಕಿದ್ರು. ಕಾರ್ಖಾನೆಯಲ್ಲಿ ತಗಡು ಕತ್ತರಿಸೋಕೆ ಮುಂಚೆ ಗುರುತು ಹಾಕೋದು ಹಾಗೇ ಅಂತೆ.

"ಈ ಗೀಟಿನ ಆಚೆ ಸುಬೇದಾರರು ಬರೂದಿಲ್ಲ. ನೀನೂ ಹೋಗಬ್ಯಾಡ."

"ಇಷ್ಟರೊಳಗೆ ಏನ್ ರಾಗ ಬರುತ್ತೆ ಅಂಕಲ್? ಆರು ಸ್ವರಾನೂ ಇಲ್ಲ."

"ನನ್ನ ಕೈಯಾಗ ಐದು ಬೆರಳೂ ಇಲ್ಲ" ಅಂದು ನಕ್ಕು, ಅಷ್ಟರಲ್ಲೇ ಒಂದು ಜೋಗುಳದ ಥರದ್ದು ನುಡಿಸಿದ್ರು.

ಸಾಲಿನ ಉದ್ದಕ್ಕೆ ಬೇರೆ ಪರೀಕ್ಷಕಿ ಇದ್ದಳು. ಅಯ್ಯನವರ ಆರು ವರ್ಷದ ಮೊಮ್ಮಗಳು. ಕನ್ನಡ ಅರ್ಥ ಆಗುತ್ತೆ, ಮಾತು ಮಾತ್ರ ಹಿಂದಿ. ಅಂಕಲ್ ಯಾವ ಹೊಸ ಹಾಡಾದ್ರೂ ಮೊದಲು ಅವಳ ಕೈಲಿ ಹಾಡಿಸ್ತಿದ್ರು. ನನ್ನ ಆ ಕ್ರಿಸ್‌ಮಸ್ ಹಾಡಿಗೇ ನಾನು ಎರಡನೇ ಚರಣ ಹೊಸದಾಗಿ ಬರ್ಕೊಂಡು ಬಂದಿದ್ದೆ. 'ದೂರದಿಂದ ಬಂದೆವು, ಜೊತೆಗೆ ಕೂತೆವು, ದುಡಿದು ದಣಿದ ನಮ್ಮ ಎರಡೂ ಕೈಗಳನ್ನು ನಿನ್ನ ಕಡೆಗೆ ಚಾಚಿದೆವು.' ಅವಳು ಅರ್ಧಕ್ಕೇ ನಿಲ್ಲಿಸಿ, "ಅಂಕಲ್, ಸಾಂಸ್ ಖತಮ್ ಹೋ ಗಯೀ" ಅಂದಳು.

"ಆತು, ಕತ್ತರಿಸು ತಂಗಿ" ಅಂದ್ರು ನನಗೆ. "ಎಲ್ಲಿ ಉಸುರು ಮುಗೀತೈತೋ ಅಲ್ಲೇ ಸಾಲು ಮುಗೀಬೇಕು."

"ಆರು ವರ್ಷದವಳು ಹೇಳಿದಳು ಅಂತಾನಾ?"

"ಆಕಿ ಸುಳ್ಳು ಹೇಳೂದಿಲ್ಲ. ನಿಮ್ಮವ್ವ ಹೇಳ್ತಾರ."

ಕತ್ತರಿಸಿದೆ. 'ದುಡಿದ ಕೈಗಳ ನಿನಗೆ ಚಾಚಿದೆವು' ಅಂತ ಉಳೀತು. 'ಎತ್ತರ'ದ ಸಾಲು ಪೂರ್ತಿ ಹೋಯ್ತು, ಆ ಹಾರೋ ರಾಗವೂ ಹೋಯ್ತು. ಕಿತ್ತು ಹಾಕೋವಾಗ ಹೊಟ್ಟೆ ಉರೀತು, ಸುಳ್ಳು ಹೇಳಲ್ಲ. ಅಂಕಲ್ ಶ್ರುತಿನ ಇನ್ನೂ ಸ್ವಲ್ಪ ಇಳಿಸಿದ್ರು, ಪ್ರತಿ ಸಾಲಿನ ಕೊನೆಗೆ ಹಾರ್ಮೋನಿಯಂಗೆ ಎರಡು ತಾಳ ಬಿಟ್ಟರು. "ಇದು ನರ್ಸಬಾಯಾರಿಗೆ. ಕುಂದ್ರಲಿ, ಉಸುರು ತಗೊಳ್ಳಲಿ."

ಮತ್ತೆ ಎರಡು ಭಾನುವಾರ ಕಲಿಸಿದ್ವಿ. ಮೂರನೇದು ಜೂನ್ ತಿಂಗಳು. ಕೂಲರ್ ಗರಗರ ಅಂತಿತ್ತು, ಎಲ್ಲರ ಬೆನ್ನೂ ಒದ್ದೆ. ಈ ಸಲ ಮೈಕ್ ಇಲ್ಲ, ನಾನು ತಾತನ ಪಕ್ಕ ಹಿಂದಿನ ಬೆಂಚಲ್ಲಿ, ಬಾಯಿ ಬಿಗಿಹಿಡ್ಕೊಂಡು. ಹಾಡ್ಬಾರ್ದು ಅಂತ ನಾನೇ ತೀರ್ಮಾನ ಮಾಡಿದ್ದೆ. ಮೊದಲ ಚರಣ ಮುಗೀತು. ಅಂಕಲ್ ಕೈ ಎತ್ತಿದ್ರು.

ಹಾಡು ಒಂದು ಚೂರು ತಗ್ಗಿತು. ಆಮೇಲೆ ತಾತ, ಯಾವುದೋ ಪರೇಡಿನಲ್ಲಿ ಇರೋ ಹಾಗೆ, 'ದುಡಿದ ಕೈಗಳ' ಅಂತ ದಪ್ಪಗೆ ಹಿಡಿದ್ರು. ನರ್ಸ್ ಆಂಟಿ ಹಿಡಿದ್ರು. ಮುಂದೆ ಕೂತ ಮಕ್ಕಳು ಹಾಳೆ ನೋಡದೇ ಹಾಡ್ತಿದ್ರು. ಅಂಕಲ್ ಎದ್ದರು. ಯಾವತ್ತೂ ಎದ್ದವರಲ್ಲ. ಬೆಂಚುಗಳ ನಡುವೆ ನಿಧಾನಕ್ಕೆ ನಡ್ಕೊಂಡು ಹಿಂದಕ್ಕೆ ಬಂದು, ನನ್ನನ್ನ ಸರಿಸಿ ಪಕ್ಕದಲ್ಲಿ ಕೂತು, ಹಾಡಿದ್ರು.

ಅಂಕಲ್ ಹಾಡಿದ್ದು ನಾನು ಅದುವರೆಗೂ ಕೇಳಿರ್ಲಿಲ್ಲ. ದನಿ ಒಡಕು. ಶ್ರುತಿಗಿಂತ ಕೆಳಗೆ. ತಾತ ಕಾಯೋ ಕಡೆ ಅವರೂ ಕಾಯ್ತಿದ್ರು, ನರ್ಸ್ ಆಂಟಿ ಉಸಿರು ತಗೊಳ್ಳೋ ಕಡೆ ಅವರೂ ತಗೋತಿದ್ರು. ಅಂಥ ದನಿ ಮೈಕಿನಲ್ಲಿ ಬಂದಿದ್ರೆ ಯಾರಾದ್ರೂ ನಕ್ಕಿರೋರು. ಅಲ್ಲಿ, ಅಷ್ಟು ಜನರ ನಡುವೆ, ಅದು ಎಲ್ಲಿ ಶುರು ಎಲ್ಲಿ ಕೊನೆ ಅಂತಾನೇ ಗೊತ್ತಾಗ್ಲಿಲ್ಲ.

ಆವತ್ತು ಟೀ ಹೊತ್ತಲ್ಲಿ ಯಾರೂ ನನ್ನ ಹೊಗಳ್ಲಿಲ್ಲ. ಹುಬ್ಬಳ್ಳಿಯ ಒಬ್ಬ ಆಂಟಿ ಮಾತ್ರ ಬಂದು, "ಈ ಹಾಡು ಎಲ್ಲಿಂದ ತಂದ್ರಿ? ಸಣ್ಣಾಕಿ ಇದ್ದಾಗ ಸಂಡೇ ಸ್ಕೂಲಿನ್ಯಾಗ ಹಾಡ್ತಿದ್ವಿ ನಾವು" ಅಂದ್ರು. ನಾನು "ಇಲ್ಲ ಆಂಟಿ, ಇದು..." ಅನ್ನೋಷ್ಟರಲ್ಲಿ ಅಂಕಲ್ ನನ್ನ ಕೈಗೆ ಬಿಸ್ಕತ್ತು ತುರುಕಿ, "ಹೌದ್ರಿ, ಹಳೇ ಹಾಡದು" ಅಂದುಬಿಟ್ರು. ಮುಂದಿನ ಝೆರಾಕ್ಸಿನಲ್ಲಿ ಅದು ಪುಸ್ತಕ ಸೇರ್ತು. ಹೆಸರಿಲ್ಲದೆ.

ಆಮೇಲೆ ಎರಡು ಚಳಿಗಾಲ ಮಾತ್ರ ಅವರಿದ್ದಿದ್ದು. ಕಾರ್ಖಾನೆಯ ಧೂಳು ಎದೇಲಿ ಕೂತಿತ್ತು, ಮಂಜು ಬಿದ್ದ ದಿನಗಳಲ್ಲಿ ಮಾತಾಡೋಕೂ ಕಷ್ಟ ಪಡ್ತಿದ್ರು. ಒಂದು ಜನವರಿ ಬೆಳಗ್ಗೆ ಫೋನ್ ಬಂತು. ಫರೀದಾಬಾದಿನಲ್ಲೇ ಮಣ್ಣು ಮಾಡಿದ್ವಿ. ಈಗ ಭಾನುವಾರ ಹಾರ್ಮೋನಿಯಂ ಹತ್ರ ನಾನು ಕೂರ್ತೀನಿ. ಐದೂ ಬೆರಳಿದೆ, ಅವರಷ್ಟು ಬರಲ್ಲ. ಒಂದು ಸಾಲು ಎಲ್ಲಿ ಮುಗೀಬೇಕು ಅನ್ನೋದು ಮಾತ್ರ ಗೊತ್ತು, ಅದು ಅವರು ಕೊಟ್ಟಿದ್ದು.

ಆವತ್ತು ಮಣ್ಣು ಮಾಡಿ ಬಂದ ಮೇಲೆ ಅವರ ಮನೇಲಿ ಆಂಟಿ ಪಕ್ಕ ಕೂತಿದ್ದೆ. ಅವರು ಅಳ್ತಿರ್ಲಿಲ್ಲ, ಶಾಲಿನ ಅಂಚು ಮಡಚ್ತಾ ಬಿಚ್ತಾ ಇದ್ರು.

"ಸಣ್ಣವರಿದ್ದಾಗ ಊರಾಗ ಕ್ವಾಯರಿನಿಂದ ಹೊರಗ ಹಾಕಿದ್ರಂತ ಇವರ್ನ, ದನಿ ಸರಿ ಇಲ್ಲಂತ. ಅದಕ್ಕ ಪೆಟಗಿ ಕಲ್ತರು. ಮೂವತ್ತು ವರ್ಷ ಮನ್ಯಾಗ ಇದ್ದೀನವ್ವಾ, ಒಂದ್ ದಿನ ಇವರು ಹಾಡಿದ್ದು ಕೇಳಿಲ್ಲ."

"ನಾನು ಕೇಳಿದ್ದೀನಿ ಆಂಟಿ. ಒಂದು ಸಲ."

ಶಾಲು ಮಡಚೋದು ನಿಲ್ಲಿಸಿ ನನ್ನ ಕಡೆ ತಿರುಗಿದ್ರು. "ಖರೇನ? ಹೆಂಗ ಹಾಡಿದ್ರು?"

"ಎಲ್ಲರ ಹಾಗೇ ಹಾಡಿದ್ರು ಆಂಟಿ" ಅಂದೆ. "ಎಲ್ಲರ ಜೊತೆಗೆ."