ಒಂದು ಹೆಸರನ್ನೂ ಹಾರಿಸದ ಚಾಚಾ

ಪಕ್ಕದ ಮನೆಯ ಚಾಚಾ ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಹಾಳೆ ಬಿಡಿಸಿ, ಎಣಿಸಿ ಆ ಬೆರಳು ಹೊಳೆಗಲ್ಲಿನಂತೆ ನುಣುಪಾಗಿತ್ತು. ಪಡಿತರ ಅಂಗಡಿಯ ಯಂತ್ರಕ್ಕೆ ಅದು ಬೆರಳೆಂದೇ ಗೊತ್ತಾಗುತ್ತಿರಲಿಲ್ಲ. ಒಮ್ಮೆ ನಾನು ಎಣಿಸಿದೆ: ಹದಿನೇಳು ಸಲ ಒತ್ತಿದರು. ಹಿಂದಿನವರು ಗೊಣಗಿದರೆ, "ಅವಸರ ಇದ್ದವರು ಮುಂದ ಬರ್ರಿ, ನನ್ನ ಅಕ್ಕಿ ಎಲ್ಲೂ ಓಡಿ ಹೋಗೂದಿಲ್ಲ" ಎನ್ನುತ್ತಿದ್ದರು.

ಇಂಥವರ ಜೊತೆ ಕಳೆದ ವರ್ಷ ನಾನು ದಿಲ್ಲಿಗೆ ಹೋದೆ. ಸೈನ್ಯದಲ್ಲಿದ್ದ ಅವರ ತಮ್ಮ ಗಡಿಯಲ್ಲಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಯುದ್ಧ ಸ್ಮಾರಕದ ಗೋಡೆಯಲ್ಲಿ ಅವನ ಹೆಸರು ಕೆತ್ತಿದ್ದಾರೆಂದು ತಿಳಿದಾಗಿನಿಂದ, ಅದನ್ನೊಮ್ಮೆ ಕೈಯಾರೆ ಮುಟ್ಟಬೇಕೆಂಬುದೊಂದೇ ಅವರ ಆಸೆ. ಅದೂ ಆಗಸ್ಟ್ ಹದಿನೈದರಂದೇ.

"ಆವತ್ತು ಅರ್ಧ ದಿಲ್ಲಿ ಬಂದ್ ಇರ್ತೈತ್ರೀ" ಎಂದೆ.

"ಹಬ್ಬದ ದಿನಾನ ತಮ್ಮನ್ನ ಕಾಣಬೇಕು ಬೇಟಾ. ಉಳಿದ ದಿನ ಯಾರರ ಹೋಗ್ತಾರ."

ಹದಿಮೂರರಂದು ಲೋಂಡಾದಲ್ಲಿ ರೈಲು ಹತ್ತಿದೆವು. ಹದಿನೈದರಂದು ಪೊಲೀಸರ ತಡೆಗಳನ್ನು ಸುತ್ತಿ ಸುತ್ತಿ ಆರು ಕಿಲೋಮೀಟರ್ ನಡೆದೆವು. ರಾಜಘಾಟ್‌ನಲ್ಲಿ ಚಪ್ಪಲಿ ಬಿಟ್ಟು ನಿಂತ ಚಾಚಾ ನಲವತ್ತು ನಿಮಿಷ ಕದಲಲಿಲ್ಲ. ಯುದ್ಧ ಸ್ಮಾರಕ ತಲುಪಿದಾಗ ಸಂಜೆ ಐದೂ ಮುಕ್ಕಾಲು. ತಮ್ಮನ ಹೆಸರು ಯಾವ ಗೋಡೆಯ ಎಷ್ಟನೇ ಸಾಲಿನಲ್ಲಿದೆ ಎಂದು ಅಲ್ಲಿನ ಯಂತ್ರದಲ್ಲಿ ಹುಡುಕಿ, ಡೈರಿಯಲ್ಲಿ ಬರೆದುಕೊಂಡು, ಅವರನ್ನು ಆ ಗೋಡೆಗೆ ಕರೆದೊಯ್ದೆ. ಚಾಚಾ ಗೋಡೆಯ ಮೊದಲ ಹೆಸರಿನ ಮುಂದೆಯೇ ನಿಂತುಬಿಟ್ಟರು.

"ಇಲ್ಲಲ್ರೀ, ಆ ತುದಿಗೆ!"

"ಗೊತ್ತೈತಿ. ಇವರನ್ನೆಲ್ಲಾ ದಾಟಿ ಹೆಂಗ ಹೋಗ್ಲಿ? ಇವರೂ ಯಾರದರ ತಮ್ಮಂದಿರ ಅಲ್ಲೇನು? ರೀಮ ಅಂದ್ರ ಐನೂರು ಹಾಳಿ; ನಡುವಿನ ಹಾಳಿ ಬಿಟ್ಟು ಎಣಿಸಿದ್ರ ಅದು ರೀಮ ಅಲ್ಲ."

"ಚಾಚಾ, ಇದು ಕಾರ್ಖಾನಿ ಅಲ್ರೀ! ಗೇಟ್ ಹಾಕ್ತಾರ!"

"ನಿನ್ನ ಗಡಿಯಾರಕ್ಕ ಸ್ವಲ್ಪ ನೀರು ಕುಡಸು, ಏದುಸಿರು ಬಿಡಾಕತ್ತೈತಿ."

ಒಂದೊಂದು ಹೆಸರನ್ನೂ ಹೆಬ್ಬೆರಳಿನಿಂದ ಸವರುವುದು, ಅಕ್ಷರ ಕೂಡಿಸಿ ಬಾಯಲ್ಲಿ ಹೇಳುವುದು, ಮುಂದಿನದಕ್ಕೆ ಹೋಗುವುದು. ನಿಮಿಷಕ್ಕೆ ಮೂರು. ಕೈ ಹಿಡಿದು ಎಳೆದೆ; ಕೊಸರಿಕೊಂಡರು. ಓಡಿ ಹೋಗಿ ತಮ್ಮನ ಹೆಸರಿನ ಫೋಟೊ ತೆಗೆದು ತಂದೆ. ಅಂಗೈಯಿಂದ ಫೋನ್ ಮುಚ್ಚಿದರು. "ನಾ ಬರೂತನಕ ಅವ ಅಲ್ಲೇ ಇರ್ತಾನ." ಕಾವಲುಗಾರ ಸೀಟಿ ಊದಿ ಎಲ್ಲರನ್ನೂ ಹೊರಡಿಸಿದಾಗ ತಮ್ಮನದೂ ಸೇರಿ ಇನ್ನೂ ಇಪ್ಪತ್ತಾರು ಹೆಸರು ಉಳಿದಿದ್ದವು. ಆ ರಾತ್ರಿಯೇ ನಮ್ಮ ವಾಪಸ್ ರೈಲು.

"ಮುಂದಿನ ವರ್ಷ ಇಲ್ಲಿಂದ ಶುರು ಮಾಡೂಣು. ಬರಕೋ" ಎಂದರು, ಏನೂ ಆಗದವರಂತೆ.

ಬರೆದುಕೊಂಡೆ, ಪೆನ್ನಿನ ಒತ್ತಿಗೆ ಹಾಳೆ ಹರಿಯಿತು. ರೈಲಿನಲ್ಲಿ ಕಿಟಕಿಯತ್ತ ಮುಖ ತಿರುಗಿಸಿ ಕೂತೆ. ಅವರು ಮಾತ್ರ ಶೇಂಗಾ ಸುಲಿದು ನನ್ನ ಅಂಗೈಗೆ ಹಾಕುತ್ತಲೇ ಇದ್ದರು.

ಫೆಬ್ರವರಿಯಲ್ಲಿ ಚಾಚಾ ತೀರಿಕೊಂಡರು.

ಈ ಆಗಸ್ಟ್ ಹದಿನೈದಕ್ಕೆ ನಾನೊಬ್ಬನೇ ಹೋದೆ. ಗೋಡೆಯ ಮುಂದೆ ಜನ ಕಡಿಮೆ ಇದ್ದರು, ನೇರ ತಮ್ಮನ ಹೆಸರಿಗೇ ಹೋಗಬಹುದಿತ್ತು. ಆಗಲಿಲ್ಲ. ಅವರು ನಿಲ್ಲಿಸಿದ್ದಲ್ಲಿಂದ ಒಂದೊಂದನ್ನೇ ಮುಟ್ಟಿ, ಓದುತ್ತಾ ಹೋದೆ. ಇಪ್ಪತ್ತಾರನೆಯದು, ಅವರ ತಮ್ಮನದು, ಬಂದಾಗ ಒಂಬತ್ತು ನಿಮಿಷವಾಗಿತ್ತು. ಅಳು ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಸಿಟ್ಟು.

"ಬರೇ ನಾಕ ಹೆಜ್ಜಿ ಇತ್ತಲ್ರೀ ಚಾಚಾ" ಎಂದು ಗೋಡೆಗೆ ಬೈದೆ.