ಕೋಡಿಗೆ ಇಟ್ಟ ಚೀಲಗಳು

ಹೋದ ವರ್ಷ ಗೌರಿ ಹಬ್ಬಕ್ಕೆ ಇನ್ನೊಂದು ವಾರವಿತ್ತು. ತಣಿಸಂದ್ರದ ಆಚೆಗಿರುವ ನಮ್ಮ ಹಳ್ಳಿಯನ್ನು ಈಗ ಯಾರೂ ಹಳ್ಳಿ ಎನ್ನುವುದಿಲ್ಲ, ಸುತ್ತ ಅಪಾರ್ಟ್‌ಮೆಂಟುಗಳೇ. ಆದರೆ ಕೆರೆ ಉಳಿದಿದೆ, ಏರಿಯ ಕೆಳಗೆ ನಮ್ಮ ಬೀದಿಯೂ ಇದೆ. ಬಹಳ ವರ್ಷಗಳ ಮೇಲೆ ಕೆರೆ ತುಂಬುತ್ತಾ ಬಂದಿತ್ತು. ಹಬ್ಬದ ದಿನ ಬಾಗಿನ ಬಿಡಬೇಕೆಂದು ನಮ್ಮ ಮಹಿಳಾ ಸಂಘದವರಿಗೆಲ್ಲ ಆಸೆ.

ಆದರೆ ಪೂಜೆಯ ಮೆಟ್ಟಿಲಿಗೆ ಇನ್ನೂ ಒಂದು ಮೊಳ ಇರುವಾಗಲೇ ನೀರು ಕೋಡಿಯಲ್ಲಿ ಹರಿದುಹೋಗುತ್ತಿತ್ತು. ನನಗೋ ಸುಮ್ಮನೆ ಕೂತು ಗೊತ್ತಿಲ್ಲ. ನನ್ನ ಗಂಡನ ಗೂಡ್ಸ್ ಆಟೋದಲ್ಲಿ ಮರಳಿನ ಚೀಲ ತಂದು ಇಬ್ಬರೂ ಸೇರಿ ಕೋಡಿಗೆ ಅಡ್ಡ ಇಟ್ಟೆವು. ಪೂಜೆ ಮುಗಿದ ಮೇಲೆ ತೆಗೆದರಾಯಿತು ಎಂದುಕೊಂಡೆ. ನೀರು ಮೆಟ್ಟಿಲು ಮುಟ್ಟಿದ್ದನ್ನು ನೋಡಿ ಎಲ್ಲರೂ ಬೆರಗಾಗಲಿ ಎಂದು ಯಾರಿಗೂ ಹೇಳಲಿಲ್ಲ.

ಮೂರನೆಯ ದಿನ ಸಂಜೆ ಬಿರುಗಾಳಿ ಮಳೆ. ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿದೆ. ಅಲೆ ಬಡಿದು ಬಡಿದು ಏರಿಯ ಮಣ್ಣು ಅರ್ಧ ಕೊಚ್ಚಿಹೋಗಿತ್ತು. ನೀರು ಇನ್ನೂ ಏರುತ್ತಿತ್ತು. ಏರಿಯ ಬುಡದಲ್ಲೇ ಜಯಮ್ಮಕ್ಕನ ಮನೆ. ಒಳಗೆ ಅವರ ಮಗಳು ಹಸಿ ಬಾಣಂತಿ, ಮಗುವಿಗೆ ಹತ್ತು ದಿನ.

ನನ್ನ ಗಂಡ ಲೋಡ್ ಹಾಕಿಕೊಂಡು ಹೊಸೂರಿಗೆ ಹೋಗಿಯಾಗಿತ್ತು. ಚೀಲದ ವಿಷಯ ಬಲ್ಲವಳು ನಾನೊಬ್ಬಳೇ. ಮನೆಗೆ ಹೋದೆ, ಮತ್ತೆ ಏರಿಗೆ ಬಂದೆ, ಮತ್ತೆ ಹೋದೆ. ಪಾಲಿಕೆಯಿಂದ ಒಬ್ಬರು ಬಂದು ಫೋಟೋ ತೆಗೆದು ಟೇಪ್ ಕಟ್ಟಿ ಹೋದರು. ಇನ್ನೊಬ್ಬರು ಬಂದು, ಇದು ಕೆರೆ ವಿಭಾಗದವರ ಕೆಲಸ ಎಂದರು. "ಏರಿ ಒಡೆದು ನಾವು ತೇಲಿಹೋದ್ಮೇಲೆ ಬರ್ತೀರೇನ್ರೀ?" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ. ಒಳಗಿನ ಪುಕಪುಕ ಮುಚ್ಚಿಕೊಳ್ಳಲು ಬೈದೆ ಎಂದು ಈಗ ಅನ್ನಿಸುತ್ತದೆ.

ಮಧ್ಯಾಹ್ನ ಒಬ್ಬ ಹುಡುಗಿಯಂಥ ಇಂಜಿನಿಯರ್ ಮಣ್ಣಿನ ಲಾರಿ, ಜೆಸಿಬಿ, ಆಳುಗಳೊಂದಿಗೆ ಬಂದರು. ಏರಿಗೆ ಎಷ್ಟು ಮಣ್ಣು ಸುರಿದರೂ ಜಾರಿ ನೀರಿಗೇ ಬೀಳುತ್ತಿತ್ತು. ಆಕೆಯ ಚಪ್ಪಲಿ ಕೆಸರಿನಲ್ಲಿ ಕಿತ್ತುಹೋಗಿ ಬರಿಗಾಲಲ್ಲೇ ಓಡಾಡುತ್ತಿದ್ದರು. ಕೊನೆಗೆ ನಮ್ಮತ್ತ ತಿರುಗಿ, "ನೀರು ಯಾಕೆ ಇಳೀತಿಲ್ಲ? ಕೋಡಿ ಎಲ್ಲಿದೆ, ಯಾರಿಗಾದ್ರೂ ಗೊತ್ತಾ?" ಎಂದರು. ಅಷ್ಟರಲ್ಲಿ ಕೆಳಗೆ ಜಯಮ್ಮಕ್ಕ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಮಗಳನ್ನು ನಡೆಸಿಕೊಂಡು ಹೊರಗೆ ಬರುವುದು ಕಾಣಿಸಿತು. ಬಾಣಂತಿ ಎರಡು ಹೆಜ್ಜೆ ಇಟ್ಟು ಕೂತುಬಿಟ್ಟಳು.

"ಮೇಡಂ, ಆ ತುದೀಲಿ, ಜೊಂಡಿನ ಹಿಂದೆ ಇದೆ. ನಾನೇ ಚೀಲ ಅಡ್ಡ ಇಟ್ಟಿದ್ದೀನಿ" ಎಂದೆ.

ಇಂಜಿನಿಯರ್ ಬೈಯಲಿಲ್ಲ. "ಎಷ್ಟು ಚೀಲ?"

"ಹದಿನೈದು."

"ಬನ್ನಿ, ತೋರಿಸಿ" ಎಂದು ಬರಿಗಾಲಲ್ಲೇ ಓಡಿದರು. ಒಂದೊಂದಾಗಿ ಚೀಲ ಎಳೆದೆವು, ನಾನೂ ಸೊಂಟದ ತನಕ ನೀರಿಗಿಳಿದೆ. ಕತ್ತಲಾಗುವಷ್ಟರಲ್ಲಿ ನೀರು ಎರಡು ಮೊಳ ಇಳಿಯಿತು. ಏರಿ ಉಳಿಯಿತು.

ಮರುದಿನ ಜಯಮ್ಮಕ್ಕನ ಮನೆಗೆ ಹೋದೆ. ಅವರು ಮಗುವಿಗೆ ಎಣ್ಣೆ ಹಚ್ಚುತ್ತಿದ್ದರು. ಕೈ ನಿಲ್ಲಿಸದೆಯೇ ಕೇಳಿದರು, "ಚೀಲದ ಇಸ್ಯ ನಿಂಗೆ ಯಾವಾಗ ಗೆಪ್ತಿಗೆ ಬಂತವ್ವ?"

"ಆ ಮೇಡಂ ಕೇಳ್ದಾಗ್ಲೇ ನೆನಪಾಯ್ತು ಅಕ್ಕ" ಎಂದೆ.

"ಇರ್ಲಿ ಬುಡು. ಗೆಪ್ತಿಗೆ ಬಂದೇಟ್ಗೇ ಯೋಳ್ದಲ್ಲ, ಅಷ್ಟೇ ಸಾಕು" ಎಂದು ಮಗುವನ್ನು ನನ್ನ ತೊಡೆಯ ಮೇಲಿಟ್ಟರು.

ಬೀದಿಯಲ್ಲಿ ಯಾರಾದರೂ ನನ್ನನ್ನು ಆಡಿಕೊಂಡರೆ ಈಗಲೂ ಜಯಮ್ಮಕ್ಕ ಇದೇ ಮಾತು ಹೇಳಿ ನನ್ನ ಪರ ನಿಲ್ಲುತ್ತಾರೆ. ಆಗ ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ, ಏನೋ ಕೆಲಸವಿದೆ ಎಂದು ಎದ್ದು ಬರುತ್ತೇನೆ. ನೀರು ಏರುತ್ತಿರುವುದು ಆ ಚೀಲಗಳಿಂದ ಎಂದು ಅವತ್ತು ಬೆಳಿಗ್ಗೆ ಏಳರಿಂದಲೇ ನನಗೆ ಗೊತ್ತಿತ್ತು. ನಾನು ಬರೆದ ಇದು ಅಚ್ಚಾದರೆ ಮೊದಲು ಅವರಿಗೇ ಓದಿ ಹೇಳಬೇಕು. ಆ ಧೈರ್ಯ ಬರುತ್ತದೋ ಇಲ್ಲವೋ, ಗೊತ್ತಿಲ್ಲ.